ಮೂಕಪ್ಪನ ರೇಸ್ ಕ್ಯಾಮು, ಗಿಡ್ಡಮ್ಮನ ಕಣ್ಣು

ಎತ್ತಿನ ಬಂಡಿ ಮೋಟಾರನ್ನು ಹಿಂದೆ ಹಾಕಿದ್ದನ್ನು ನೀವು ಕಂಡಿದ್ದೀರಾ? ನಾವು ಪೆದ್ದಹರಿವಾಣದವರು ಕಂಡಿದ್ದೇವೆ. ಬರೀ ಕಾಣಲಿಲ್ಲ, ಕಟ್ಟೆಯ ಮೇಲೆ ಹೊರಳಾಡಿ ನಕ್ಕೆವು. ಅವತ್ತು ಒಂದಿಷ್ಟು ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ಅನಾಹುತವೊಂದೂ ನಡೆಯುತ್ತಿರಲಿಲ್ಲ. ಆದರೆ ನಗು ಬಂದಾಗ ಬಾಯಿ ಮುಚ್ಚಿಕೊಳ್ಳುವ ಜನ ನಮ್ಮೂರಿನಲ್ಲಿ ಹುಟ್ಟಿಲ್ಲ.

ಮೋಟಾರು ಮೂಕಪ್ಪನದು. ಆದೋನಿಯ ಹತ್ತಿ ಮಿಲ್ಲಿನ ಮಾಲೀಕರು ಸಾಕಾಗಿ ಬಿಟ್ಟ ಹಳೆಯ ಅಮೆರಿಕದ ಮೋಟಾರು. ಮೇಲೆ ಕ್ಯಾನ್ವಾಸಿನ ಟಪ್ಪು, ಮುಂದೆ ಕೈಯಿಂದ ಒತ್ತುವ ರಬ್ಬರಿನ ಹಾರ್ನು. ಮೂಕಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಆದೋನಿಯಿಂದ ನಮ್ಮೂರು, ನಮ್ಮೂರಿನಿಂದ ಸಿರುಗುಪ್ಪ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ, ಪೆಟ್ರೋಲು ಡಬ್ಬಿಗಳಲ್ಲಿ ಸಲೀಸಾಗಿ ಸಿಗುತ್ತಿತ್ತು. ಊರಿಗೆಲ್ಲ ಒಂದೇ ಮೋಟಾರಾದ್ದರಿಂದ ಮೂಕಪ್ಪ ಅದರ ಮೇಲೆ ಕೂತಾಗ ದೇವರ ಪಲ್ಲಕ್ಕಿಯ ಮೇಲೆ ಕೂತವನಂತೆ ನಮ್ಮನ್ನು ನೋಡುತ್ತಿದ್ದ. ಹೆಸರು ಮೂಕಪ್ಪನೇ ಹೊರತು ಬಾಯಿ ಮಾತ್ರ ಹಗಲೆಲ್ಲ ನಡೆಯುತ್ತಿತ್ತು.

ಅಂಥವನನ್ನು ಹಿಂದೆ ಹಾಕಿದವಳು ಬೇರೆ ಯಾರೂ ಅಲ್ಲ, ಅವನ ಬೀಗತಿ ಬಸಲಿಂಗಮ್ಮ. ಮಗಳು ಆದಿಲಕ್ಷ್ಮಿಯ ಅತ್ತೆ. ಊರಾಚೆಯ ಎರೆಭೂಮಿಯ ಏರಿನಲ್ಲಿ ಮೋಟಾರು ಉಬ್ಬಸದವನಂತೆ ಏದುತ್ತ ಹೋಗುತ್ತಿದ್ದಾಗ ಹಿಂದಿನಿಂದ ಗೆಜ್ಜೆ ಸಪ್ಪಳ ಕೇಳಿತು. ಬಸಲಿಂಗಮ್ಮನ ಕಿಲಾರಿ ಎತ್ತುಗಳು ಪಕ್ಕಕ್ಕೆ ಬಂದವು, ಸಮಕ್ಕೆ ಬಂದವು, ಮುಂದಕ್ಕೆ ಹೋದವು. ಬಂಡಿಯ ಹಿಂಬದಿಯಲ್ಲಿ ಕೂತ ಬೀಗತಿ ಎಲೆಯಡಿಕೆ ಉಗುಳಿ, ಸೆರಗು ಸರಿಮಾಡಿಕೊಂಡು ಹೇಳಿದಳು:

"ಬೀಗರ, ನಿಧಾನ ಬರ್ರಿ. ನಾ ಹೋಗಿ ಅಡಗಿ ಮಾಡಿಸಿ ಇಟ್ಟಿರ್ತೀನಿ."

ಮೂಕಪ್ಪನಿಗೆ ಅವತ್ತು ಅನ್ನ ಸೇರಲಿಲ್ಲ. ಹೆಂಡತಿ ಗಂಗಕ್ಕ ಎರಡನೇ ಸಲ ಬಡಿಸಲು ಬಂದಾಗ ತಟ್ಟೆ ಸರಿಸಿ, "ನನ್ನ ಮೋಟಾರಿಗೆ ಇಲ್ಲದ ಮರ್ಯಾದಿ ನನಗ್ಯಾಕ?" ಎಂದ. ಮರುದಿನ ಬೆಳಗಾಗುತ್ತಲೇ ಆದೋನಿಗೆ ಹೋದ.

ಆದೋನಿ ಸ್ಟೇಷನ್ನಿನ ಹಿಂದೆ, ಹತ್ತಿ ಅಂಡಿಗೆಗಳ ಗೋದಾಮಿಗೆ ಅಂಟಿಕೊಂಡು ದಸ್ತಗಿರಿಯ ಷೆಡ್ಡು. ದಸ್ತಗಿರಿ ಮೋಟಾರು ರಿಪೇರಿ ಮಾಡುವವನು. ಒಳ್ಳೆಯ ಕೈ, ಅದಕ್ಕಿಂತ ಒಳ್ಳೆಯ ಬಾಯಿ. ಮೂಕಪ್ಪ ತನ್ನ ಗೋಳು ಹೇಳಿ ಮುಗಿಸುವ ಮೊದಲೇ ಅವನು ಮೂಲೆಯಿಂದ ಗೋಣಿಚೀಲ ಸುತ್ತಿದ ಒಂದು ಸಾಮಾನು ತಂದು ಕೂಸನ್ನು ಬಿಚ್ಚಿದಂತೆ ಬಿಚ್ಚಿದ. ಒಳಗೆ ಮೊಳದುದ್ದದ ಕಬ್ಬಿಣದ ಸಲಾಕೆ; ಅದರ ಮೇಲೆ ಎತ್ತಿನ ಹಿಣಿಲಿನಂಥ ಉಬ್ಬುಗಳು.

"ಮಾಮು, ಇದು ಕ್ಯಾ ಸಮ್ಜೇ? ರೇಸ್ ಕ್ಯಾಮು! ಸಿಕಂದ್ರಾಬಾದಿನಾಗ ಒಬ್ಬ ಮಿಲಿಟ್ರಿ ಸಾಹೇಬ ನಿನ್ನ ಮೋಟಾರಿನಂಥದ್ದಕ್ಕೇ ಹಾಕಿ ರೇಸ್ ಬಿಟ್ಟಿದ್ದ."

"ಗೆದ್ದನೇನು?"

"ಮೋಟಾರು ಗೆಲ್ತು. ಸಾಹೇಬ ನಾಲಾದಾಗ ಬಿದ್ದ."

ದಸ್ತಗಿರಿ ತಿಳಿಸಿ ಹೇಳಿದ. ಎಂಜಿನ್ನಿನ ಹೊಟ್ಟೆಯೊಳಗೆ ಈ ಸಲಾಕೆ ತಿರುಗುತ್ತದೆ. ತಿರುಗಿದಾಗ ಉಬ್ಬು ಮೇಲೆ ಬಂದು ಟ್ಯಾಪೆಟ್ಟು ಎಂಬ ಗೂಟವನ್ನು ನೂಕುತ್ತದೆ, ಗೂಟ ವಾಲ್ವನ್ನು ಎತ್ತುತ್ತದೆ, ವಾಲ್ವು ತೆರೆದಾಗ ಎಂಜಿನ್ನು ಉಸಿರೆಳೆಯುತ್ತದೆ. ಆಮೇಲೆ ಸ್ಪ್ರಿಂಗು ವಾಲ್ವನ್ನು ಕೆಳಕ್ಕೆ ಒತ್ತಿ ಮುಚ್ಚುತ್ತದೆ. ಉಬ್ಬು ಎತ್ತರವಾದಷ್ಟೂ ಬಾಗಿಲು ಅಗಲ, ಉಸಿರು ಜಾಸ್ತಿ, ಓಟ ಜಾಸ್ತಿ.

"ಸ್ಪ್ರಿಂಗೂ ಗಟ್ಟೀದು ಹಾಕ್ಬೇಕು ಮಾಮು," ಎಂದು ಅವನು ಬೀಡಿ ಕಚ್ಚಿಕೊಂಡು, ತಲೆಯನ್ನು ಬಾನೆಟ್ಟಿನೊಳಗೆ ತೂರಿಸಿಕೊಂಡು ಮುಂದುವರಿಸಿದ. "ಗಟ್ಟಿ ಸ್ಪ್ರಿಂಗು ಒತ್ತೋದು ಜಾಸ್ತಿ. ಉಬ್ಬಿಗೂ ಟ್ಯಾಪೆಟ್ಟಿಗೂ ತಿಕ್ಕಾಟ ಜಾಸ್ತಿ. ಸವೆಯೋದು ಜಾಸ್ತಿ. ಮ್ಯಾಲಿಂದ ಮ್ಯಾಲ ಬಿಚ್ಚಿ ನೋಡ್ಬೇಕು, ಚಲೋ ಎಣ್ಣಿ ಹಾಕ್ಬೇಕು…"

ಇಷ್ಟರಲ್ಲಿ ಮೂಕಪ್ಪನ ಕಿವಿಗೆ ಬಿದ್ದದ್ದು 'ಜಾಸ್ತಿ' ಎಂಬುದೊಂದೇ. "ಹಾಕಪಾ, ಹಾಕು," ಎಂದ.

ಊರಿಗೆ ಬಂದವನೇ ಗಂಗಕ್ಕನ ಎದುರು ಮುಷ್ಟಿ ಎತ್ತಿ ಇಳಿಸಿ, ವಾಲ್ವು ಹೇಗೆ ಎತ್ತರಕ್ಕೆ ಏಳುತ್ತದೆಂದು ತೋರಿಸಿದ. ಆಕೆ ಮೆಣಸಿನಕಾಯಿ ಕುಟ್ಟುತ್ತಿದ್ದಳು. "ಅಷ್ಟೆತ್ತರ ಎತ್ತಿ ಕುಟ್ಟಿದ್ರ ಒರಳು ಉಳಿತೈತೇನು?" ಎಂದಳು.

"ಹೆಂಗಸರಿಗೆ ಮೋಟಾರು ತಿಳಿಯಾಂಗಿಲ್ಲ," ಎಂದು ಮೂಕಪ್ಪ ಹೊರಗೆ ಹೋದ.

ಸುಳ್ಳು ಯಾಕೆ ಹೇಳಬೇಕು, ಮೋಟಾರು ಓಡಿತು. ಓಟಕ್ಕಿಂತ ಸಪ್ಪಳ ಹೆಚ್ಚು. ಟಕ ಟಕ ಟಕ ಟಕ ಎಂದು ನೂರು ಮಂದಿ ಅಕ್ಕಸಾಲಿಗರು ಒಟ್ಟಿಗೆ ಕೂತು ಬಡಿದ ಹಾಗೆ. ಮೋಟಾರು ಹಳ್ಳದ ಆಚೆ ಇರುವಾಗಲೇ ನಮ್ಮ ನಾಯಿಗಳು ಎದ್ದು ನಿಲ್ಲುತ್ತಿದ್ದವು. ನಿಧಾನವಾಗಿ ಹೋಗೆಂದರೆ ಅದಕ್ಕೆ ಆಗುತ್ತಿರಲಿಲ್ಲ. ಗಡಗಡ ನಡುಗಿ ನಿಂತುಬಿಡುತ್ತಿತ್ತು. ನಿಂತರೆ ಮತ್ತೆ ಚಾಲೂ ಆಗಲು ಊರಿನ ಗಟ್ಟಿ ಆಳುಗಳೆಲ್ಲ ಬಂದು ನೂಕಬೇಕು. ಹಾಗಾಗಿ ಮೂಕಪ್ಪ ಊಟಕ್ಕೆ ಕೂತಾಗಲೂ ಮೋಟಾರು ಅಂಗಳದಲ್ಲಿ ಟಕಟಕ ಎನ್ನುತ್ತಲೇ ಇರುತ್ತಿತ್ತು. ಯಾರಾದರೂ ಕಿವಿ ಮುಚ್ಚಿಕೊಂಡರೆ, "ಅದು ರೇಸಿನ ಸಪ್ಪಳಪಾ! ಕೇಳಾಕ ಪುಣ್ಯ ಬೇಕು," ಎನ್ನುತ್ತಿದ್ದ.

ಹೀಗಿರುವಾಗ ರೆವಿನ್ಯೂ ಇನ್ಸ್‌ಪೆಕ್ಟರು ತಪಾಸಣೆಗೆಂದು ಸಿರುಗುಪ್ಪಕ್ಕೆ ಹೋಗಬೇಕಾಗಿ ಬಂತು. ಆರ್.ಐ. ಸಾಹೇಬರೆಂದರೆ ಕೋಟು, ಪೇಟ, ಬಗಲಲ್ಲಿ ಕೊಡೆ. ಮುಂದಿನ ಸೀಟಿನಲ್ಲಿ ಕೂತು, ಒಂದು ಕೈಯಲ್ಲಿ ಪೇಟವನ್ನೂ ಇನ್ನೊಂದು ಕೈಯಲ್ಲಿ ಜೀವವನ್ನೂ ಹಿಡಿದುಕೊಂಡು ನಮ್ಮೂರ ಅಗಸೆಯವರೆಗೆ ಬಂದರು. ಅಗಸೆಯ ಮುಂದೆ ನಾವೆಲ್ಲ ಸೇರಿದ್ದೆವು. ಅದೇ ಹೊತ್ತಿಗೆ ಬಸಲಿಂಗಮ್ಮನ ಬಂಡಿಯೂ ಅಲ್ಲಿಗೆ ಬಂದಿತ್ತು. ಆದಿಲಕ್ಷ್ಮಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳಲ್ಲ, ಸೊಸೆಯನ್ನು ನೋಡಿಕೊಂಡು ಹೋಗಲು ಬುಟ್ಟಿ ತುಂಬ ಕರ್ಚಿಕಾಯಿ ಹೊತ್ತು ಅತ್ತೆ ಬಂದಿದ್ದಳು.

ಇನ್ನೊಬ್ಬಳೂ ಅಲ್ಲಿದ್ದಳು, ಗಿಡ್ಡಮ್ಮ. ನಮ್ಮೂರ ಸೂಲಗಿತ್ತಿ. ಯಾರದೋ ಮನೆಯಲ್ಲಿ ಬಾಣಂತಿಗೆ ನೀರು ಹಾಕಿ, ಕೂಸಿಗೆ ಎಣ್ಣೆ ತಿಕ್ಕಿ, ಕೈ ಒರೆಸಿಕೊಳ್ಳುತ್ತ ಬರುತ್ತಿದ್ದ ಮುದುಕಿ ಮೋಟಾರು ಬಂದ ರಭಸ ನೋಡಿ ನಿಂತಳು. ಬಾಯಿ ಬಿಚ್ಚಿ ನಕ್ಕಳು.

"ಅಯ್ಯಯ್ಯಪ್ಪಾ, ಏನು ಓಡ್ತೈತಪ್ಪಾ ನಮ್ಮ ಮೂಕಪ್ಪನ ಮೋಟಾರು! ಹಕ್ಕಿ ಹಾರಿ ಬಂದಂಗ ಬಂತಲ್ಲೋ!" ಎಂದು ಎರಡೂ ಕೈಗಳಿಂದ ದೂರದಿಂದಲೇ ಸವರಿ, ಕಣತಲೆಗೆ ಬೆರಳೊತ್ತಿ ಲಟಲಟ ನೆಟಿಗೆ ಮುರಿದಳು.

ಠಣ್!

ಎಂಜಿನ್ನಿನೊಳಗೆ ಏನೋ ಮುರಿಯಿತು. ಮೋಟಾರು ಕೆಮ್ಮಿತು, ಸೀನಿತು, ಕರಿಹೊಗೆ ಬಿಟ್ಟು ನಿಂತಿತು. ಬಹಳ ದಿನಗಳ ಮೇಲೆ ನಮ್ಮೂರಿನಲ್ಲಿ ಗುಬ್ಬಿಗಳ ಸದ್ದು ಕೇಳಿಸಿತು.

"ಏಮಯ್ಯಾ ಮೂಕಪ್ಪಾ, ಏಮೈಂದಿ? ಏನಾಯ್ತು?" ಎಂದರು ಆರ್.ಐ. ಸಾಹೇಬರು.

ಏನಾಯಿತೆಂದು ಮೂಕಪ್ಪನಿಗೆ ಒಳಗೊಳಗೇ ಗೊತ್ತಾಗಿತ್ತು. ಕೆಲವು ದಿನಗಳಿಂದ ಸಪ್ಪಳ ಬೇರೆಯೇ ಆಗಿತ್ತು, ಎಣ್ಣೆ ಬೂದಿಬಣ್ಣಕ್ಕೆ ತಿರುಗಿತ್ತು. ಅದನ್ನು ಹೇಳಿಬಿಡುತ್ತಿದ್ದನೋ ಏನೋ. ಅಷ್ಟರಲ್ಲಿ ಬಂಡಿಯ ಮೇಲಿನಿಂದ ಸಿಹಿಯಾದ ದನಿಯೊಂದು ಬಂತು:

"ಬೀಗರ, ಹಗ್ಗ ಕೊಡ್ಲೇನ್ರಿ? ನಮ್ಮ ಎತ್ತು ಎಳೀತಾವ."

ನಾವು ನಕ್ಕೆವು. ಹೌದು, ಮತ್ತೆ ನಕ್ಕೆವು. ಆರ್.ಐ. ಸಾಹೇಬರು ಕೂಡ ಮೀಸೆಯ ಕೆಳಗೆ ನಕ್ಕರು. ಮೂಕಪ್ಪನ ಮುಖ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು. ಅವನು ಸೀಟಿನ ಮೇಲೆ ಎದ್ದು ನಿಂತು ಕೈ ಚಾಚಿದ.

"ನೆದರು ಬಿತ್ತು ಬೀಗ್ತಿಯವರ! ಓಡೋ ಮೋಟಾರಿಗೆ ನೆದರು ಬಿತ್ತು! ನೋಡ್ರಿ, ಆಕಿ ಅಂದಿದ್ದೂ ಹೌದು, ಇದು ನಿಂತಿದ್ದೂ ಹೌದು!"

ಕೆಟ್ಟ ದೃಷ್ಟಿ ತಗುಲಿಸಿದವಳೆಂದು ತೋರಿಸಿದ ಬೆರಳು ಗಿಡ್ಡಮ್ಮನ ಕಡೆಗಿತ್ತು. ಆಕೆ ಹಿಂದಕ್ಕೆ ತಿರುಗಿ ನೋಡಿದಳು. ತನ್ನ ಹಿಂದೆ ಯಾರೋ ಇದ್ದಾರೆಂದು ತಿಳಿದಿದ್ದಳು, ಪಾಪ.

ಮುಂದಿನದು ಬೆಂಕಿಗೆ ಗಾಳಿ ಸಿಕ್ಕಂತೆ ನಡೆಯಿತು. ಆರ್.ಐ. ಸಾಹೇಬರು ಇಂಗ್ಲಿಷು ಓದಿದವರು, ಆದರೆ ಕೊಡೆಯ ಹಿಡಿಕೆಗೆ ಕರಿದಾರ ಕಟ್ಟಿಕೊಂಡಿದ್ದವರು. "ಅಂತೇ ಮರಿ! ನರುಡಿ ಕಂಟಿಕಿ ನಲ್ಲರಾಯೈನಾ ಪಗುಲುತುಂದಿ ಅಂತಾರಲ್ಲ. ಕರಿಕಲ್ಲೇ ಸಿಡೀತೈತಿ ಮನುಷ್ಯರ ಕಣ್ಣಿಗೆ, ಕಬ್ಬಿಣ ಯಾವ ಲೆಕ್ಕ?" ಎಂದರು. ಬಸಲಿಂಗಮ್ಮ ಕರ್ಚಿಕಾಯಿ ಬುಟ್ಟಿಗೆ ಸೆರಗು ಮುಚ್ಚಿ ಕೆಳಗಿಳಿದಳು. "ಏನ್ರೀ ಬೀಗರ, ಇಂಥಾ ಕಣ್ಣಿನಾಕಿನ್ನ ನನ್ನ ಸೊಸಿ ಹೆರಿಗಿಗೆ ಕರಸ್ತೀರೇನು? ನನ್ನ ಮಗನ ಕೂಸು ಆಕಿ ಕೈಯಾಗ ಬೀಳಬಾರದು. ಈಗ ಹೇಳೀನಿ!" ಎಂದಳು.

"ನಾ ಚಲೋ ಅಂದೆನಪಾ," ಎಂದಳು ಗಿಡ್ಡಮ್ಮ. "ಚಲೋ ಐತಿ ಅಂದೆ ಅಷ್ಟ." ಯಾರೂ ಕೇಳಿಸಿಕೊಳ್ಳಲಿಲ್ಲ.

ಸರ್ಕಾರದ ಕೆಲಸಕ್ಕೆ ಅಡ್ಡಿಯಾಯಿತೆಂದು ಆರ್.ಐ. ಸಾಹೇಬರು ಅಲ್ಲೇ ಹುಕುಂ ಮಾಡಿದರು. ಸಂಜೆಯೊಳಗೆ ತಳವಾರ ಪಕೀರಪ್ಪ ಓಣಿ ಓಣಿಯಲ್ಲಿ ಹಲಿಗೆ ಬಡಿದು ಸಾರಿದ: "ಕೇಳ್ರಪ್ಪೋ ಕೇಳ್ರಿ! ಮೋಟಾರು ಬರೋ ಹೊತ್ತಿನಾಗ ಸೂಲಗಿತ್ತಿ ಗಿಡ್ಡಮ್ಮ ರಸ್ತೇಕ ಬರಬಾರದು! ಬಂದ್ರ ಗೋಡಿ ಕಡಿ ಮಖ ಮಾಡಿ ನಿಲ್ಲಬೇಕು!" ಪಕೀರಪ್ಪನೂ ಆಕೆಯ ಕೈಯಲ್ಲೇ ಹುಟ್ಟಿದವನು. ಆದರೆ ಹುಕುಂ ಹುಕುಂ. ಸಾಹೇಬರು ಬಸಲಿಂಗಮ್ಮನ ಬಂಡಿಯಲ್ಲೇ ಸಿರುಗುಪ್ಪಕ್ಕೆ ಹೋದರು. ಅದಕ್ಕೂ ಮೊದಲು ಅದೇ ಎತ್ತುಗಳು ಮೋಟಾರನ್ನು ಮೂಕಪ್ಪನ ಅಂಗಳದವರೆಗೆ ಎಳೆದುಕೊಂಡು ಹೋದವು.

ಮರುದಿನ ದಸ್ತಗಿರಿ ಬಂದು ಎಂಜಿನ್ನು ಬಿಚ್ಚಿದ. ಅಂಗಳದ ಗೋಡೆಯ ಹೊರಗೆ ನಾವೆಲ್ಲ ಕಾಯುತ್ತಿದ್ದೆವು. ಒಳಗೆ ಏನು ನಡೆಯಿತೆಂಬುದನ್ನು ದಸ್ತಗಿರಿಯೇ ಎಷ್ಟೋ ದಿನಗಳ ಮೇಲೆ ಬಾಯಿಬಿಟ್ಟ.

"ಮಾಮು, ಸ್ಪ್ರಿಂಗು ಮುರದೈತಿ. ಅದು ಬಿಡು, ಹಾಕೋಣ. ಈ ಟ್ಯಾಪೆಟ್ಟಿನ ಮಖ ನೋಡು, ಹಳೇ ಚಪ್ಪಲಿ ಹಿಮ್ಮಡದಂಗ ಸವದೈತಿ. ಕ್ಯಾಮಿನ ಉಬ್ಬು ಕೆರದು ಗೀರು ಬಿದ್ದಾವ. ನಾ ಹೇಳಿದ್ನಲ್ಲ, ಬಿಚ್ಚಿ ನೋಡು ಅಂತ?"

"ಯಾವಾಗ ಹೇಳಿದ್ದಿ?"

"ಬಾನೆಟ್ಟಿನಾಗ ಹೇಳಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೊರಗ ಮಂದಿ ನಿಂತಾರ. ಏನಂತ ಹೇಳ್ಲಿ?" ಎಂದ ದಸ್ತಗಿರಿ. ರೇಸ್ ಕ್ಯಾಮು ಎಂಜಿನ್ನನ್ನು ತಿನ್ನುತ್ತದೆಂದು ಸುದ್ದಿಯಾದರೆ ತನ್ನ ಷೆಡ್ಡಿಗೆ ಯಾರು ಬರುತ್ತಾರೆಂಬ ಚಿಂತೆ ಅವನಿಗೂ ಇತ್ತು. ಮೂಕಪ್ಪ ನೆಲ ನೋಡುತ್ತ, "ನೆದರು ಅನ್ನು," ಎಂದ.

ದಸ್ತಗಿರಿ ಹೊರಗೆ ಬಂದು ಮುರಿದ ಸ್ಪ್ರಿಂಗು ಎತ್ತಿ ಹಿಡಿದು, "ಇಷ್ಟು ಮೋಟಾರು ಬಿಚ್ಚೀನಿ, ಇಂಥಾ ನೆದರು ನೋಡಿಲ್ಲ, ಅಲ್ಲಾ ಕಸಂ!" ಎಂದ. ನಾವು ಸ್ಪ್ರಿಂಗನ್ನು ಕೈಯಿಂದ ಕೈಗೆ ದಾಟಿಸಿ ನೋಡಿದೆವು. ಅಷ್ಟು ದಪ್ಪದ ಉಕ್ಕು! ಎಂಥ ಕಣ್ಣಿರಬೇಕು!

ಗಂಗಕ್ಕ ಮಾತ್ರ ಎಂಜಿನ್ನಿನ ಕೆಳಗಿಟ್ಟಿದ್ದ ಎಣ್ಣೆಯ ತಟ್ಟೆಯ ಮುಂದೆ ಕೂತಿದ್ದಳು. "ಎಣ್ಣಿಯಾಗ ಇದೇನು ಮಿಣಿಮಿಣಿ ಅಂತೈತಿ?"

"ವಿಭೂತಿ. ಪೂಜಿ ಮಾಡಿದ್ದೆ," ಎಂದ ಮೂಕಪ್ಪ.

ಆಕೆ ಬೆರಳದ್ದಿ ತಿಕ್ಕಿ ನೋಡಿದಳು. ಕಬ್ಬಿಣದ ಪುಡಿ ಬೆರಳಿಗೆ ಚುಚ್ಚಿತು. ಗಂಡನ ಮುಖವನ್ನು ಒಮ್ಮೆ ನೋಡಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಹೊಸ ಸ್ಪ್ರಿಂಗು, ಹೊಸ ಟ್ಯಾಪೆಟ್ಟು, ಅದೇ ಕ್ಯಾಮು. ಮಾನ ಹೋದರೂ ಮೂಕಪ್ಪನ ಹಮ್ಮು ಹೋಗಲಿಲ್ಲ. ಮೋಟಾರು ಮತ್ತೆ ಟಕಟಕ ಎಂದಿತು, ಮತ್ತೆ ಕೆಟ್ಟಿತು. ಮತ್ತೆ ರಿಪೇರಿ, ಮತ್ತೆ ಕೆಟ್ಟಿತು. ಪ್ರತಿಸಲವೂ ಗಿಡ್ಡಮ್ಮ ಹುಕುಮಿನ ಪ್ರಕಾರ ಗೋಡೆಯ ಕಡೆಗೆ ಮುಖ ಮಾಡಿಯೇ ನಿಂತಿರುತ್ತಿದ್ದಳು. ನೋಡದೆಯೇ ನೆದರು ಬೀಳುವುದು ಹೇಗೆ? ಈ ಪ್ರಶ್ನೆಯನ್ನು ನಾವು ಕಟ್ಟೆಯ ಮೇಲೆ ಕೂಲಂಕಷವಾಗಿ ವಿಚಾರ ಮಾಡಿದೆವು. ದಡ್ಡರಲ್ಲ ನೋಡಿ ನಾವು. ಕೊನೆಗೆ ಉತ್ತರ ಸಿಕ್ಕಿತು: ಆಕೆಗೆ ಸಪ್ಪಳ ಕೇಳಿಸುತ್ತದಲ್ಲ! ಕಣ್ಣಿನ ನೆದರು ಕಿವಿಗೆ ಇಳಿದಿದೆ!

ಅಷ್ಟಾದ ಮೇಲೆ ಕೇಳಬೇಕೆ? ಒಬ್ಬನ ಎಮ್ಮೆ ಒದೆಯಿತು, ಗಿಡ್ಡಮ್ಮ. ಇನ್ನೊಬ್ಬನ ಗೋಡೆ ಬಿತ್ತು, ಗಿಡ್ಡಮ್ಮ. ಉಚ್ಚಮ್ಮ ಇಟ್ಟ ಸಾರು ಹಳಸಿತು, ಗಿಡ್ಡಮ್ಮ. ಉಚ್ಚಮ್ಮನ ಸಾರು ಮೊದಲಿನಿಂದಲೂ ಹಾಗೇ ಎಂಬುದು ಆಕೆಯ ಗಂಡನಿಗೂ ಮರೆತುಹೋಯಿತು. ಬಾಣಂತಿಯರ ಮನೆಗಳಲ್ಲಿ ಆಕೆಯನ್ನು ಕರೆಯುವುದು ನಿಂತಿತು. ಆಕೆ ಬೀದಿಗೆ ಬಂದರೆ ತಾಯಂದಿರು ಕೂಸುಗಳಿಗೆ ಸೆರಗು ಮುಚ್ಚಿದರು. ಊರಿನ ಪರವಾಗಿ ನಾಲ್ಕು ಮಂದಿ ಹೋಗಿ ಆಕೆಗೆ ಆದೋನಿಯ ಹತ್ತಿಯ ಉಂಡೆ ಕೊಟ್ಟು, "ಯವ್ವಾ, ಮೋಟಾರಿನ ಸಪ್ಪಳ ಬಂದ ಕೂಡ್ಲೆ ಬಾಗಿಲ ಹಾಕ್ಕೊಂಡು ಕಿವ್ಯಾಗ ಇಟಗೋ. ಸಪ್ಪಳ ನಿಲ್ಲಾತನಕ ತಗೀಬ್ಯಾಡ," ಎಂದು ವಿನಯವಾಗಿ ಕೇಳಿಕೊಂಡರು. ವಿನಯಕ್ಕೇನೂ ಕೊರತೆ ಇರಲಿಲ್ಲ.

"ಹಂಗಾದ್ರ ಸಪ್ಪಳ ನಿಂತೈತಿ ಅಂತ ನನಗ ಹೆಂಗ ತಿಳೀಬೇಕಪಾ?" ಎಂದಳು ಗಿಡ್ಡಮ್ಮ.

"ನೆಲಕ್ಕ ಕೈ ಇಟ್ಟು ನೋಡು. ಮೋಟಾರು ಇದ್ರ ನೆಲ ನಡುಗತೈತಿ."

ಆಕೆ ಹೂಂ ಎಂದಳು. ಮೂಕಪ್ಪನಿಗೆ ಆ ಓಣಿಯಲ್ಲಿ ಹೋಗುವುದೆಂದರೆ ಮೈ ಹಿಡಿಯಾಗುತ್ತಿತ್ತು. ಮುಚ್ಚಿದ ಆ ಬಾಗಿಲಿನ ಮುಂದೆ ಅವನು ಹಾರ್ನು ಒತ್ತುವುದನ್ನು ಬಿಟ್ಟ, ಆಮೇಲೆ ಆ ಕಡೆ ನೋಡುವುದನ್ನೂ ಬಿಟ್ಟ. ನಿಜ ಅವನಿಗೆ ಗೊತ್ತಿತ್ತು. ಆದರೆ ಹೇಳುವುದು ಯಾರಿಗೆ? ಬೀಗತಿಯ ಎತ್ತಿಗೆ ಸೋತ ಮೋಟಾರು, ಅದನ್ನು ಗೆಲ್ಲಿಸಲು ಹಾಕಿದ ಕ್ಯಾಮು, ಕ್ಯಾಮು ತಿಂದ ಟ್ಯಾಪೆಟ್ಟು! ಬಸಲಿಂಗಮ್ಮ ಬದುಕಿರುವವರೆಗೆ ನಗುತ್ತಾಳೆ.

ಆದಿಲಕ್ಷ್ಮಿಗೆ ಬೇನೆ ಶುರುವಾದದ್ದು ಒಂದು ನಡುಮಧ್ಯಾಹ್ನ. ಬಸಲಿಂಗಮ್ಮ ಮುಂಚಿನ ದಿನವೇ ಬಂದು ಕೂತಿದ್ದಳು, ತನ್ನ ಕಡೆಯ ಒಬ್ಬ ಸೂಲಗಿತ್ತಿಗೆ ಹೇಳಿ ಕಳಿಸಿದ್ದಳು. ಆಕೆ ಬರಲಿಲ್ಲ. ಬೇನೆ ಮಾತ್ರ ಯಾರಿಗೂ ಕಾಯಲಿಲ್ಲ. ಓಣಿಯ ಹೆಂಗಸರು ಒಳಗೆ ಹೋಗಿ ಮುಖ ಬಾಡಿಸಿಕೊಂಡು ಹೊರಗೆ ಬಂದರು. ಕೂಸು ಅಡ್ಡ ತಿರುಗಿದಂತಿದೆ, ನಮಗೆ ತಿಳಿಯುವುದಿಲ್ಲ ಎಂದರು. ಮೋಟಾರಿನಲ್ಲಿ ಆದೋನಿಯ ಆಸ್ಪತ್ರೆಗೆ ಒಯ್ಯೋಣವೆಂದರೆ ಆ ಗಡಗಡ ನಡುಗುವ ಮೋಟಾರಿನಲ್ಲಿ, ಆ ರಸ್ತೆಯಲ್ಲಿ!

"ಗಿಡ್ಡಜ್ಜಿ ಬೇಕು! ಗಿಡ್ಡಜ್ಜೀನ ಕರೀರಿ!" ಎಂದು ಒಳಗಿನಿಂದ ಆದಿಲಕ್ಷ್ಮಿ ಕೂಗಿದಳು.

"ನೆದರಿನಾಕಿ ಬ್ಯಾಡ!" ಎಂದು ಬಸಲಿಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. ಆದರೆ ಒಳಗಿನಿಂದ ಕೂಗು ಬಂದಾಗಲೆಲ್ಲ ಹಿಂತಿರುಗಿ ನೋಡುತ್ತಿದ್ದಳು.

ಗಂಗಕ್ಕ ಹೊರಗೆ ಬಂದು ಗಂಡನ ಎದುರು ನಿಂತಳು. "ಆಕಿ ಕಣ್ಣಾಗ ಏನಿಲ್ಲ ಅಂತ ನಿನಗ ಗೊತ್ತೈತಿ. ನನಗೂ ಗೊತ್ತೈತಿ. ಬೀಗ್ತಿಗೆ ಒಂದು ಮಾತು ಹೇಳು. ನಿನ್ನ ಮರ್ಯಾದಿ ದೊಡ್ಡದೋ, ಮಗಳು ದೊಡ್ಡಾಕಿನೋ?"

ಮೂಕಪ್ಪ ಬಾಯಿ ತೆರೆದ. ಬಸಲಿಂಗಮ್ಮನ ಮುಖ ನೋಡಿದ. ಜನ್ಮದಲ್ಲಿ ಮೊದಲ ಸಲ ಹೆಸರಿಗೆ ತಕ್ಕಂತೆ ಮೂಕನಾದ. "ಮೊದಲು ಕರ್ಕೊಂಡು ಬರ್ತೀನಿ," ಎಂದಷ್ಟೇ ಹೇಳಿ ಓಡಿದ. ಓಡಿದ್ದು ಎಲ್ಲಿಗೆ? ಮೋಟಾರಿಗೆ! ಗಿಡ್ಡಮ್ಮನ ಗುಡಿಸಲು ಊರಿನ ಆ ತುದಿಯಲ್ಲಿತ್ತು, ಬೇಗ ಹೋಗಬೇಕಲ್ಲ! ಅಂಗಳದಲ್ಲಿದ್ದ ಗಟ್ಟಿ ಆಳುಗಳು ನೂಕಿ ಚಾಲೂ ಮಾಡಿಸಿದರು.

ಟಕ ಟಕ ಟಕ ಟಕ. ಕ್ಯಾಮಿನ ಉಬ್ಬುಗಳು ಅಷ್ಟರಲ್ಲಿ ಪೂರ್ತಿ ಸವೆದುಹೋಗಿದ್ದವು. ಮೋಟಾರಿನಲ್ಲಿ ಓಟ ಉಳಿದಿರಲಿಲ್ಲ, ಸಪ್ಪಳವೊಂದೇ ಉಳಿದಿತ್ತು. ದಾರಿಯಲ್ಲಿ ಒಂದು ಕುರಿಯ ಹಿಂಡು ಅದನ್ನು ಹಿಂದೆ ಹಾಕಿ ಮುಂದೆ ಹೋಯಿತು. ಗುಡಿಸಲಿನ ಮುಂದೆ ಮೋಟಾರು ಬಂದು ನಿಲ್ಲುವಷ್ಟರಲ್ಲಿ ಬಾಗಿಲು ಭದ್ರವಾಗಿ ಮುಚ್ಚಿತ್ತು. ಸಪ್ಪಳ ಕೇಳಿದ ಕೂಡಲೇ ಗಿಡ್ಡಮ್ಮ ಬಾಗಿಲಿಗೆ ಅಗಳಿ ಹಾಕಿ, ಕಿವಿಗೆ ಹತ್ತಿ ಇಟ್ಟುಕೊಂಡು, ಗೋಡೆಗೆ ಮುಖ ಮಾಡಿ ಕೂತಿದ್ದಳು. ಊರು ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸಿದ್ದಳು.

"ಗಿಡ್ಡವ್ವಾ!" ಎಂದು ಮೂಕಪ್ಪ ಬಾಗಿಲು ಬಡಿದ. ಉತ್ತರವಿಲ್ಲ. "ಗಿಡ್ಡವ್ವಾ, ಆದಿಲಕ್ಷ್ಮಿಗೆ ಬ್ಯಾನಿ ಬಂದೈತಿ, ಬಾಗಿಲ ತಗೀ!" ಉತ್ತರವಿಲ್ಲ. ಆಕೆ ಸಿಟ್ಟಾಗಿದ್ದಾಳೆ, ಬೇಕೆಂದೇ ಬಾಗಿಲು ತೆಗೆಯುತ್ತಿಲ್ಲ ಎಂದು ಅವನಿಗೆ ಅನ್ನಿಸಿತು. ಅನ್ನಿಸಬೇಕಾದ್ದೇ. ಗಂಟಲು ಹರಿಯುವಂತೆ ಕೂಗಿದ:

"ತಪ್ಪಾತವ್ವಾ! ನಿನ್ನ ಕಣ್ಣಾಗ ಏನಿಲ್ಲ! ನಾ ಸುಳ್ಳು ಹೇಳಿದ್ದೆ!"

ಓಣಿಯ ಬಾಗಿಲುಗಳೆಲ್ಲ ತೆರೆದವು. ನಾವು ಹೊರಗೆ ಬಂದೆವು.

"ಮೋಟಾರಿಗೆ ರೇಸ್ ಕ್ಯಾಮು ಹಾಕ್ಸಿದ್ದೆ! ಅದು ಟ್ಯಾಪೆಟ್ಟು ತಿಂತು! ಸ್ಪ್ರಿಂಗು ಮುರೀತು! ನೆದರೂ ಇಲ್ಲ, ಗಿದರೂ ಇಲ್ಲ!"

"ಏನಂದಿ?" ಎಂದ ಹಿಂದಿನ ಸಾಲಿನವನೊಬ್ಬ. ಮೋಟಾರಿನ ಸಪ್ಪಳದಲ್ಲಿ ಅವನಿಗೆ ಸರಿಯಾಗಿ ಕೇಳಿಸಿರಲಿಲ್ಲ. ಮೂಕಪ್ಪ ಅದನ್ನು ಒಳಗಿನ ಪ್ರಶ್ನೆಯೆಂದೇ ತಿಳಿದು, ಹಣೆಯನ್ನು ಬಾಗಿಲಿಗಿಟ್ಟು ಇನ್ನೂ ಜೋರಾಗಿ ಕೂಗಿದ:

"ಬೀಗ್ತಿ ಎತ್ತು ನನ್ನ ಮೋಟಾರಿನ್ನ ಹಿಂದ ಹಾಕಿದ್ವು! ಆ ಹೊಟ್ಟಿಕಿಚ್ಚಿಗೆ ಕ್ಯಾಮು ಹಾಕ್ಸಿದೆ! ಕೆಟ್ಟಾಗ ಆಕಿ ಮುಂದ ನಾಚಿಕಿ ಆತು, ನಿನ್ನ ಮ್ಯಾಲ ಹಾಕಿದೆ! ನಾ ಮನುಷ್ಯ ಅಲ್ಲವ್ವಾ, ಬಾಗಿಲ ತಗೀ!"

ಅಷ್ಟು ಕೂಗಿ ಹಿಂತಿರುಗಿದಾಗ ಇಡೀ ಊರು ಅಲ್ಲಿ ನಿಂತಿತ್ತು. ಎಲ್ಲರಿಗಿಂತ ಮುಂದೆ ಬಸಲಿಂಗಮ್ಮ. ತಡವಾಯಿತೆಂದು ಅವಳೂ ಹಿಂದೆಯೇ ಓಡಿ ಬಂದಿದ್ದಳು. ಪ್ರತಿಯೊಂದು ಅಕ್ಷರವೂ ಊರಿಗೆಲ್ಲ ಕೇಳಿಸಿತ್ತು, ಯಾರಿಗೆ ಕೇಳಿಸಬೇಕಿತ್ತೋ ಆಕೆಯೊಬ್ಬಳನ್ನು ಬಿಟ್ಟು.

ಯಾರೂ ನಗಲಿಲ್ಲ. ಬಸಲಿಂಗಮ್ಮ ಮೂಕಪ್ಪನನ್ನು ಒಮ್ಮೆ, ಮೋಟಾರನ್ನು ಒಮ್ಮೆ ನೋಡಿ, "ಬೀಗರ, ಮೊದಲು ಆ ಸುಡುಗಾಡು ನಿಲ್ಲಸ್ರಿ. ಅದು ಒದರಾತನಕ ಆಕಿ ಹತ್ತಿ ತಗ್ಯಾಂಗಿಲ್ಲ," ಎಂದಳು.

ಮೂಕಪ್ಪ ಮೋಟಾರಿನ ಕಡೆ ನೋಡಿದ. ಈಗ ನಿಲ್ಲಿಸಿದರೆ ಅದು ಮತ್ತೆ ಚಾಲೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನಂಬಿದರೆ ನಂಬಿ, ಆ ಹೊತ್ತಿನಲ್ಲೂ ಅವನ ಕೈ ಒಂದು ಗಳಿಗೆ ಹಿಂಜರಿಯಿತು. ಆಮೇಲೆ ಕೀಲಿ ತಿರುಗಿಸಿದ. ಮೋಟಾರು ನಡುಗಿ, ನಿಟ್ಟುಸಿರು ಬಿಟ್ಟು, ಸತ್ತಿತು.

ಊರು ನಿಶ್ಶಬ್ದವಾಯಿತು. ಸ್ವಲ್ಪ ಹೊತ್ತಿಗೆ ಒಳಗೆ ಅಗಳಿ ಸರಿದ ಸದ್ದು ಕೇಳಿತು. ಬಾಗಿಲು ಒಂದಿಷ್ಟು ತೆರೆದು ಗಿಡ್ಡಮ್ಮ ಇಣುಕಿದಳು. ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದಳು, ಯಾರ ಮೇಲೂ ಕಣ್ಣು ಬೀಳಬಾರದೆಂದು. ಕಿವಿಯ ಹತ್ತಿ ತೆಗೆಯುತ್ತ ಕೇಳಿದಳು:

"ಹೋತೇನಪಾ ಮೋಟಾರು?"

ಮೂಕಪ್ಪ ಎಲ್ಲವನ್ನೂ ಇನ್ನೊಮ್ಮೆ ಹೇಳಬೇಕಾಯಿತು. ಕೂಗಿ ಹೇಳಿದಾಗ ಬಾಗಿಲಿತ್ತು, ಸಪ್ಪಳವಿತ್ತು. ಈಗ ಎರಡೂ ಇರಲಿಲ್ಲ. ತಲೆ ತಗ್ಗಿಸಿ, ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದ. ಗಿಡ್ಡಮ್ಮ ಅವನ ಚಪ್ಪಲಿಗಳನ್ನೇ ನೋಡುತ್ತ ಕೇಳಿದಳು.

"ಹಂಗಾರ ನನ್ನ ಕಣ್ಣಾಗ ಏನಿಲ್ಲೇನು?" ಎಂದಳು. "ನಾನೂ ಹೌದೇನೋ ಅನಕೊಂಡಿದ್ದೆನಪಾ. ಊರೆಲ್ಲಾ ಅಂದ್ರ ಸುಳ್ಳಿರತೈತೇನು ಅಂತ. ಮನ್ಯಾಗಿನ ಮೇಕಿ ಮರಿನೂ ನೋಡಿಲ್ಲ ಕಣ್ಣೆತ್ತಿ."

ನಮ್ಮಲ್ಲಿ ಒಬ್ಬೊಬ್ಬರೂ ನೆಲ ನೋಡತೊಡಗಿದೆವು. ನಮ್ಮೂರ ನೆಲವನ್ನು ಅಷ್ಟು ಶ್ರದ್ಧೆಯಿಂದ ನಾವು ಹಿಂದೆಂದೂ ನೋಡಿರಲಿಲ್ಲ.

"ಎಷ್ಟೊತ್ತಾತು ಬ್ಯಾನಿ ಬಂದು?" ಎಂದು ಗಿಡ್ಡಮ್ಮ ತಟ್ಟನೆ ದನಿ ಬದಲಿಸಿದಳು. ಮೂಕಪ್ಪ ಹೇಳಿದ. "ಮತ್ತ ಇಲ್ಲಿ ನಿಂತು ಏನು ಪುರಾಣ ಹಚ್ಚೀಯೋ, ಮುಂಡೇದ! ನಡೀ!" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಸತ್ತ ಮೋಟಾರಿನ ಪಕ್ಕದಿಂದಲೇ ಹಾದು ಓಡಿದಳು, ಅದರ ಕಡೆ ತಿರುಗಿಯೂ ನೋಡಲಿಲ್ಲ.

ಹೊತ್ತು ಇಳಿಯುವ ಮೊದಲು ಒಳಗಿನಿಂದ ಕೂಸಿನ ಅಳು ಕೇಳಿತು. ಅಂಗಳದಲ್ಲಿ ಕೂತಿದ್ದ ಮೂಕಪ್ಪ ಮಂಡಿಗಳ ನಡುವೆ ತಲೆ ಹುದುಗಿಸಿ ಅತ್ತ. ಗಿಡ್ಡಮ್ಮ ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದು ಬಸಲಿಂಗಮ್ಮನ ಮುಂದೆ ನಿಂತಳು. ಕೊಡಲಿಲ್ಲ.

"ಮೊಮ್ಮಗಳು. ನಿನ್ನ ಕೈಯಾಗ ಕೊಡೋಕಿಂತ ಮೊದಲ ನಾ ಕಣ್ತುಂಬ ನೋಡೀನಿ. ನಡೀತೈತೇನು?"

ಬಸಲಿಂಗಮ್ಮ ಎರಡೂ ಕೈ ಮುಗಿದಳು. "ಇನ್ನೊಮ್ಮೆ ನೋಡವ್ವಾ," ಎಂದಳು.

ಗಿಡ್ಡಮ್ಮ ಅಂಗಳಕ್ಕೆ ತಿರುಗಿದಳು. ನಾವೆಲ್ಲ ಇದ್ದೆವು, ತಳವಾರ ಪಕೀರಪ್ಪ, ಉಚ್ಚಮ್ಮ, ಹತ್ತಿ ಕೊಟ್ಟು ಬಂದ ನಾಲ್ವರು. ಈ ಸಲ ಆಕೆ ಮುಖ ತಿರುಗಿಸಿಕೊಳ್ಳಲಿಲ್ಲ. ಒಬ್ಬೊಬ್ಬರನ್ನೇ ನೋಡಿದಳು.

"ಈ ಊರಾಗ ಹುಟ್ಟಿದವ್ರ ಮ್ಯಾಲ ಮೊದಲ ಬಿದ್ದ ಕಣ್ಣು ನಂದು. ಅವ್ವ ನೋಡೋಕಿಂತ ಮೊದಲ ನಾ ನೋಡೀನಿ. ಮೂಕಪ್ಪಾ, ನಿನ್ನ ಮ್ಯಾಲನೂ. ಮೈಯೆಲ್ಲಾ ನೀಲಿ ಆಗಿ, ಉಸುರಿಲ್ಲದಂಗ ಬಂದಿದ್ದಿ. ಕಾಲು ಹಿಡದು ತಲಿಕೆಳಗ ಮಾಡಿ ಬೆನ್ನಿಗೆ ಬಡದು ಉಸುರು ತರಿಸೀನಿ. ನನ್ನ ಕಣ್ಣು ಕೆಟ್ಟದ್ದಾಗಿದ್ರ ನೀ ಮೋಟಾರು ಓಡಸ್ತಿದ್ದೇನು?"

ಮೂಕಪ್ಪ ಆಕೆಯ ಕಾಲು ಹಿಡಿಯಲು ಬಗ್ಗಿದ. ಆಕೆ ಸರಿದು ನಿಂತಳು.

"ಕಾಲು ಬ್ಯಾಡ. ಹಲಿಗಿ ತಗೋ."

ಅವನಿಗೆ ಅರ್ಥವಾಗಲಿಲ್ಲ. ಪಕೀರಪ್ಪನಿಗೆ ಆಯಿತು. ಓಡಿಹೋಗಿ ಹಲಿಗೆ ತಂದು ಮೂಕಪ್ಪನ ಕೊರಳಿಗೆ ಹಾಕಿ, ಕೋಲು ಕೈಗಿತ್ತ. ಗಿಡ್ಡಮ್ಮ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟಳು. ಬೆರಳಿಗೆ ಇನ್ನೂ ಒಂದಿಷ್ಟು ಕಾಡಿಗೆ ಉಳಿದಿತ್ತು. ಅದನ್ನು ಮೂಕಪ್ಪನ ಕೆನ್ನೆಗೆ ಹಚ್ಚಿದಳು.

"ನಿನಗೂ ಇರಲಿ. ಇವತ್ತು ಊರೆಲ್ಲಾ ನಿನ್ನ ನೋಡತೈತಿ."

ಹಾಗೆ ಮೋಟಾರು ಮಾಲೀಕ ಮೂಕಪ್ಪ ಕೆನ್ನೆಯ ಮೇಲೆ ಕರಿಬೊಟ್ಟು, ಕೊರಳಲ್ಲಿ ಹಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿದ. ಅಗಸೆಯ ಮುಂದೆ ಸಾರಿದ, ಕಟ್ಟೆಯ ಮುಂದೆ ಸಾರಿದ, ಸತ್ತು ನಿಂತ ತನ್ನ ಮೋಟಾರಿನ ಮುಂದೆಯೂ ಸಾರಿದ. "ಕೇಳ್ರಪ್ಪೋ ಕೇಳ್ರಿ, ಗಿಡ್ಡಮ್ಮನ ಕಣ್ಣಾಗ ನೆದರಿಲ್ಲ! ಕೆಟ್ಟಿದ್ದು ನನ್ನ ಕ್ಯಾಮು, ಸುಳ್ಳು ಹೇಳಿದ್ದು ನನ್ನ ಬಾಯಿ!" ನಾವು ಹಿಂದೆ ಹಿಂದೆ ಹೋದೆವು. ಅಷ್ಟು ದಿನ ಆಕೆಯನ್ನು ಗೋಡೆಗೆ ನಿಲ್ಲಿಸಿದವರು ನಾವೇ ಅಲ್ಲವೇ, ಮನೆಯಲ್ಲಿ ಕೂರಲು ಮುಖವಿರಲಿಲ್ಲ.

ಕೊನೆಗೆ ಅವನ ಮನೆಯ ಓಣಿಗೇ ಬಂದೆವು. ಗಿಡ್ಡಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಗಂಗಕ್ಕ, ಬಸಲಿಂಗಮ್ಮ. ಮೂಕಪ್ಪನ ದನಿ ಬಿದ್ದುಹೋಗಿತ್ತು. ಮೂವರ ಮುಖವನ್ನೂ ನೋಡಲಾರದೆ, ಹಲಿಗೆಗೆ ಎರಡೇಟು ಹಾಕಿ ಗೊಣಗಿದಂತೆ ಸಾರಿದ.

ಗಿಡ್ಡಮ್ಮ ಸೆರಗಿನ ತುದಿ ಬಿಚ್ಚಿದಳು. ಅದರಲ್ಲಿ ಆ ಹತ್ತಿಯ ಉಂಡೆಗಳಿದ್ದವು. ಅವನ್ನು ಅವನ ಕಾಲ ಬಳಿ ಎಸೆದು, ಅವನನ್ನೇ ದಿಟ್ಟಿಸಿ ನೋಡುತ್ತ ಹೇಳಿದಳು:

"ಜೋರಾಗಿ ಸಾರಪಾ. ನನಗ ಕೇಳಿಸ್ಲಿಲ್ಲ."